ತುಂಗಭದ್ರೆಗೆ ಬಾರದ ಉಗಿದೋಣಿ

ಗದಗಿಗೆ ಸಮೀಪದ ನಾಗಾವಿಯಲ್ಲಿ ನಿಂತು ಉಗಿದೋಣಿಯ ಮಾತನ್ನೆತ್ತಿದರೆ ಕೇಳುವವರಿಗೆ ನಗೆ ಬರುವುದು ಸಹಜ. ಅದು ಮಳೆಯನ್ನೇ ನಂಬಿದ ಸೀಮೆ. ಎರೆಯ ಹೊಲಗಳಲ್ಲಿ ಹತ್ತಿ ಜೋಳಗಳು ಬೆಳೆಯುವುವು. ಹಳ್ಳಗಳು ಮಳೆಗಾಲದಲ್ಲಿ ತುಂಬಿ ಹರಿದು ಬೇಸಗೆಯಲ್ಲಿ ಒಣಗಿ ನಿಲ್ಲುವುವು. ದಕ್ಷಿಣಕ್ಕೆ ಕಪ್ಪತಗುಡ್ಡದ ಸಾಲು ಹಬ್ಬಿಕೊಂಡಿರುವುದು. ಆದರೆ ಆ ಗುಡ್ಡದ ಆಚೆಗೆ, ಶಿರಹಟ್ಟಿ ಮುಂಡರಗಿ ಸೀಮೆಗಳ ತೆಂಕಣ ಎಲ್ಲೆಯಲ್ಲಿ, ತುಂಗಭದ್ರೆಯು ಹರಿಯುತ್ತಿರುವಳು. ಈ ನದಿಯನ್ನು ಹಿಡಿದು ಮೇಲಕ್ಕೆ ಬಂದು ಕಾರವಾರದ ಸಮುದ್ರತೀರವನ್ನು ಮುಟ್ಟುವಂತಹ ಒಂದು ಜಲಮಾರ್ಗವನ್ನು ತೆರೆದು, ಅದರ ಮೇಲೆ ಉಗಿದೋಣಿಗಳನ್ನು ನಡೆಸಬೇಕೆಂಬ ಯೋಚನೆಯು ಹತ್ತೊಂಬತ್ತನೆಯ ಶತಮಾನದ ಒಬ್ಬ ಪ್ರಸಿದ್ಧ ಎಂಜಿನಿಯರನ ಮನಸ್ಸಿನಲ್ಲಿದ್ದಿತು. ಆ ದೋಣಿ ಬರಲಿಲ್ಲ. ಅದು ಏಕೆ ಬರಲಿಲ್ಲ, ಬರಬೇಕಾಗಿದ್ದರೆ ಅದರೊಳಗೆ ಎಂತಹ ಬಾಯ್ಲರು ಇರಬೇಕಾಗಿತ್ತು, ಅಂತಹ ಬಾಯ್ಲರನ್ನು ಮಾಡುವ ವಿದ್ಯೆಯು ಲೋಕದಲ್ಲಿ ಹೇಗೆ ಬೆಳೆಯಿತು ಎಂಬುದನ್ನು ನಾವು ಈ ಭಾಷಣದಲ್ಲಿ ವಿಚಾರಮಾಡೋಣ.

ಮೊದಲು ಆ ಕಾಲದ ಸಾಗಾಟದ ಕಷ್ಟವನ್ನು ನೆನೆಯಬೇಕು. ಗದಗು, ಬೆಟಗೇರಿ, ಲಕ್ಷ್ಮೇಶ್ವರಗಳ ಸುತ್ತಿನ ಹತ್ತಿಯು ಬಂಡಿಗಳ ಮೇಲೆಯೂ ಹೇರೆತ್ತುಗಳ ಬೆನ್ನಿನ ಮೇಲೆಯೂ ಪಶ್ಚಿಮಕ್ಕೆ ಸಾಗಿ, ಘಟ್ಟವನ್ನಿಳಿದು, ಕುಮಟೆಯ ಬಂದರವನ್ನು ಸೇರಿ, ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದಿತು. ಬೆಳೆದದ್ದು ಧಾರವಾಡ ಸೀಮೆಯಲ್ಲಾದರೂ ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿಯೆಂಬ ಹೆಸರೇ ನಿಂತುಬಿಟ್ಟಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ಹೋದಾಗ, ನಮ್ಮ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಉತ್ತರ ಕನ್ನಡವನ್ನು ೧೮೬೨ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೆ, ಕಾರವಾರದ ಬಂದರವನ್ನು ಈ ಹತ್ತಿಗಾಗಿ ಬೆಳೆಯಿಸಬೇಕೆಂಬುದೂ ಒಂದು ಮುಖ್ಯ ಕಾರಣವಾಗಿದ್ದಿತು. ಬೆಲೆ ಏರಿದರೂ ದಾರಿ ಮಾತ್ರ ಎತ್ತಿನ ಹೆಜ್ಜೆಯ ದಾರಿಯಾಗಿಯೇ ಉಳಿದಿದ್ದಿತು.

ನಾವು ಮೇಲೆ ಹೇಳಿದ ಎಂಜಿನಿಯರನು ಸರ್ ಆರ್ಥರ್ ಕಾಟನ್. ಗೋದಾವರಿಗೆ ಧವಳೇಶ್ವರದ ಬಳಿ ಅಣೆಕಟ್ಟನ್ನು ಕಟ್ಟಿಸಿ ಹೆಸರಾದವನು ಇವನೇ. ಕಾಲುವೆಯು ಹೊಲಕ್ಕೆ ನೀರನ್ನು ಕೊಡುವುದಲ್ಲದೆ ಸರಕಿಗೆ ದಾರಿಯನ್ನೂ ಕೊಡಬೇಕು ಎಂಬುದು ಇವನ ಮತ. ಹಿಂದೂದೇಶಕ್ಕೆ ಬೇಕಾದುದು ರೈಲಿಗಿಂತ ಮೊದಲು ಜಲಮಾರ್ಗವೆಂದೂ, ಅದರ ವೆಚ್ಚವು ರೈಲಿನ ವೆಚ್ಚದ ಒಂದು ಸಣ್ಣ ಭಾಗವೆಂದೂ ಇವನು ೧೮೭೦ರ ದಶಕದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಸಮಿತಿಯ ಮುಂದೆ ವಾದಿಸಿದನು. ಇವನು ಸೂಚಿಸಿದ ಮಹಾಜಲಮಾರ್ಗಗಳಲ್ಲಿ ತುಂಗಭದ್ರೆಯ ಮೂಲಕ ಕಾರವಾರಕ್ಕೆ ಬರುವ ಮಾರ್ಗವೂ ಒಂದು. ಇದು ಬರಿಯ ಕನಸಾಗಿರಲಿಲ್ಲ. ಇವನ ಯೋಚನೆಗಳನ್ನನುಸರಿಸಿ ಹುಟ್ಟಿದ ಮದರಾಸು ಇರಿಗೇಷನ್ ಕಂಪೆನಿಯು, ಕರ್ನೂಲಿನ ಸಮೀಪ ಸುಂಕೇಸುಲದಲ್ಲಿ ಇದೇ ತುಂಗಭದ್ರೆಗೆ ಅಣೆಕಟ್ಟನ್ನು ಹಾಕಿ, ೧೮೬೦ರ ದಶಕದಲ್ಲಿ ಕಡಪೆಯವರೆಗೆ ಸುಮಾರು ೧೯೦ ಮೈಲಿಗಳ ಕಾಲುವೆಯನ್ನು ತೋಡಿಸಿತು. ನೀರಾವರಿಗೂ ದೋಣಿಸಂಚಾರಕ್ಕೂ ಒದಗುವಂತೆ ಆ ಕಾಲುವೆಯನ್ನು ಕಟ್ಟಿದ್ದರು. ಆದರೆ ಕಂಪೆನಿಗೆ ಲಾಭ ಬರಲಿಲ್ಲ; ೧೮೮೨ರಲ್ಲಿ ಸರಕಾರವು ಅದನ್ನು ಕೊಂಡುಕೊಂಡಿತು.

ಈ ವಾದವಿವಾದಗಳ ನಡುವೆ ೧೮೭೬ರಿಂದ ೧೮೭೮ರವರೆಗಿನ ಡೌಗೆ ಬರಗಾಲವು ಬಂದಿತು. ಧಾರವಾಡ, ವಿಜಾಪುರ, ಬಳ್ಳಾರಿ, ಮೈಸೂರು ಸೀಮೆಗಳೆಲ್ಲವೂ ಅದರ ಬಾಯಿಗೆ ಬಿದ್ದುವು. ದೇಶದ ಒಂದು ಕಡೆಯಲ್ಲಿ ಧಾನ್ಯವು ಮಾರಾಟಕ್ಕೆ ಸಿಕ್ಕುತ್ತಿದ್ದರೂ ಅದು ಹಸಿದವರ ಊರನ್ನು ಮುಟ್ಟುತ್ತಿರಲಿಲ್ಲ. ಧಾನ್ಯವನ್ನು ಎಳೆಯಬೇಕಾದ ಎತ್ತಿಗೇ ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. ಎತ್ತು ಬಿದ್ದಲ್ಲಿ ಬಂಡಿ ನಿಂತಿತು. ಬಂಡಿ ನಿಂತಲ್ಲಿ ಕಾಳು ನಿಂತಿತು. ಲಕ್ಷಾಂತರ ಜನರು ಮಡಿದರು. ಮೇವನ್ನು ಬೇಡದ ಎಳೆತದ ಶಕ್ತಿಯೊಂದು ಈ ಒಳನಾಡಿಗೆ ಬೇಕೆಂಬುದು ಆಗ ಎಲ್ಲರಿಗೂ ತಿಳಿಯಿತು. ಉಗಿಯ ಪ್ರಶ್ನೆಯು ನಮ್ಮ ಸೀಮೆಗೆ ವ್ಯಾಪಾರದ ಪ್ರಶ್ನೆಯಷ್ಟೇ ಆಗಿರಲಿಲ್ಲ. ಅನ್ನದ ಪ್ರಶ್ನೆಯೂ ಆಗಿದ್ದಿತು.

ಹಾಗಾದರೆ ನದಿಯ ಮೇಲೆ ಉಗಿದೋಣಿಯನ್ನೇ ಏಕೆ ತರಬಾರದಾಗಿತ್ತು? ದೋಣಿಯು ಹಿಂದೂದೇಶಕ್ಕೆ ಹೊಸದಾಗಿರಲಿಲ್ಲ. ೧೮೧೯ರಲ್ಲಿಯೇ ಲಖನೌದ ನವಾಬನಿಗಾಗಿ ಒಂದು ಸಣ್ಣ ಉಗಿದೋಣಿ ಸಿದ್ಧವಾಗಿದ್ದಿತು. ಆದರೆ ತುಂಗಭದ್ರೆಯ ಸ್ವಭಾವವು ಬೇರೆ. ಮುಂಗಾರಿನಲ್ಲಿ ಅವಳು ಕೆಂಪಾಗಿ ಉಕ್ಕಿ ಹರಿಯುವಳು. ಬೇಸಗೆಯಲ್ಲಿ ಬಂಡೆಗಳ ನಡುವೆ ತೆಳ್ಳಗಾಗುವಳು. ಹಂಪೆಯ ಬಳಿಯ ಬಂಡೆಸಾಲುಗಳನ್ನು ಕಂಡವರಿಗೆ ಅಲ್ಲಿ ತೊಗಲಿನ ಹರಿಗೋಲೇ ಏಕೆ ಬಾಳಿತೆಂಬುದು ತಾನಾಗಿ ಹೊಳೆಯುವುದು. ಹರಿಗೋಲು ಹಗುರವಾದುದು, ಅಂಗೈ ಆಳದ ನೀರಿನಲ್ಲಿಯೂ ತೇಲುವುದು, ನೀರು ಮುಗಿದಲ್ಲಿ ಅದನ್ನು ತಲೆಯ ಮೇಲೆ ಹೊತ್ತು ನಡೆಯಬಹುದು. ಇಂತಹ ನದಿಗೆ ಬರುವ ಉಗಿದೋಣಿಯು ಮೊದಲು ಹಗುರವಾಗಿರಬೇಕು. ಆ ಕಾಲದ ಉಗಿದೋಣಿಯಲ್ಲಿ ಎಲ್ಲಕ್ಕಿಂತ ಭಾರವಾದುವುಗಳಲ್ಲಿ ಒಂದು ಬಾಯ್ಲರು. ಬಾಯ್ಲರಿನಲ್ಲಿ ಭಾರವಾದುದು ಅದರ ಕಬ್ಬಿಣವೂ ಅದು ಹೊತ್ತ ನೀರೂ.

ಸಾಮಾನ್ಯವಾದ ಬಾಯ್ಲರನ್ನು ನಮ್ಮ ಬಚ್ಚಲಮನೆಯ ಹಂಡೆಯ ಅಣ್ಣನೆಂದು ತಿಳಿಯಬಹುದು. ಒಂದು ದೊಡ್ಡ ಉರುಳೆಯಲ್ಲಿ ನೀರನ್ನು ತುಂಬಿ ಬೆಂಕಿಯ ತಾಪವನ್ನು ಅದಕ್ಕೆ ಮುಟ್ಟಿಸುವುದು. ತಾಪವು ಬೇಗ ಹತ್ತಲೆಂದು ಆ ಉರುಳೆಯೊಳಗೆ ಕೊಳವೆಗಳನ್ನು ಹಾಯಿಸಿ ಬೆಂಕಿಯ ಉರಿಯನ್ನು ಅವುಗಳ ಮೂಲಕ ನಡೆಸುವರು. ಸ್ಟೀಫನ್‌ಸನ್ನರ ೧೮೨೯ರ ರಾಕೆಟ್ ಎಂಬ ರೈಲುಯಂತ್ರದಲ್ಲಿ ಇಂತಹ ೨೫ ತಾಮ್ರದ ಕೊಳವೆಗಳಿದ್ದುವು. ಇಲ್ಲಿ ಕೊಳವೆಯೊಳಗೆ ಬೆಂಕಿ, ಹೊರಗೆ ನೀರು. ಇದನ್ನು ತಿರುಗುಮುರುಗು ಮಾಡಿ, ಕೊಳವೆಯೊಳಗೆ ನೀರನ್ನೂ ಹೊರಗೆ ಬೆಂಕಿಯನ್ನೂ ಇಟ್ಟರೆ, ನಾವು ಈಗ ಹೇಳಹೊರಟಿರುವ ನೀರುಗೊಳವೆಯ ಬಾಯ್ಲರು ಆಗುವುದು. ಆ ಕೊಳವೆಯನ್ನು ಹಾವಿನಂತೆ ಸುತ್ತಿಟ್ಟರೆ ಅದು ಸುರುಳಿ ಬಾಯ್ಲರು.

ಈ ತಿರುಗುಮುರುಗಿನಿಂದ ಆಗುವ ಪ್ರಯೋಜನವನ್ನು ಲೆಕ್ಕದಿಂದಲೇ ನೋಡಬಹುದು. ಒಳಗಿನ ಉಗಿಯು ಚದರ ಅಂಗುಲಕ್ಕೆ ೧೨೦ ಪೌಂಡಿನಂತೆ ಒತ್ತುತ್ತಿರಲಿ. ೪ ಅಡಿ ಅಡ್ಡಗಲದ ಉರುಳೆಯ ಗೋಡೆಯು, ಪ್ರತಿ ಅಂಗುಲ ಉದ್ದದಲ್ಲಿಯೂ ೨,೮೮೦ ಪೌಂಡುಗಳ ಎಳೆತವನ್ನು ತಡೆಯಬೇಕು. ೧ ಅಂಗುಲದ ಕೊಳವೆಯ ಗೋಡೆಗೆ ಅದೇ ಒತ್ತಡದಲ್ಲಿ ಬೀಳುವ ಎಳೆತವು ೬೦ ಪೌಂಡು ಮಾತ್ರ. ಆದುದರಿಂದ ದೊಡ್ಡ ಉರುಳೆಗೆ ದಪ್ಪವಾದ ತಗಡು ಬೇಕು. ಕೊಳವೆಗೆ ತೆಳುವಾದುದೇ ಸಾಕು. ಇನ್ನು ನೀರಿನ ಭಾರ. ೪ ಅಡಿ ಅಗಲ ೬ ಅಡಿ ಉದ್ದದ ಉರುಳೆಯಲ್ಲಿ ಅರ್ಧದಷ್ಟು ನೀರಿದ್ದರೂ ಅದು ೨,೩೦೦ ಪೌಂಡಿಗೆ ಮೇಲಾಗುವುದು. ೧ ಅಂಗುಲ ಒಳಗಲದ, ೨೦೦ ಅಡಿ ಉದ್ದದ ಕೊಳವೆಯ ತುಂಬ ನೀರಿದ್ದರೂ ಅದು ಸುಮಾರು ೬೮ ಪೌಂಡು. ಆದರೂ ಬೆಂಕಿಗೆ ಒಡ್ಡುವ ಅದರ ಮೈ ೫೦ ಚದರ ಅಡಿಗೂ ಮಿಗಿಲು. ಸಣ್ಣ ದೋಣಿಯವನಿಗೆ ಇದಕ್ಕಿಂತ ಬೇರೆ ಆಕರ್ಷಣೆ ಬೇಕೆ?

ಹಗುರತನವೊಂದೇ ಲಾಭವಲ್ಲ, ಪ್ರಾಣರಕ್ಷಣೆಯ ಮಾತೂ ಇದರಲ್ಲಿ ಅಡಗಿರುವುದು. ಒತ್ತಡದಲ್ಲಿರುವ ನೀರು ನೂರು ಡಿಗ್ರಿಗೆ ಕುದಿಯದೆ ಅದಕ್ಕೂ ಎಷ್ಟೋ ಹೆಚ್ಚಿನ ಶಾಖವನ್ನು ನುಂಗಿಕೊಂಡು ನೀರಾಗಿಯೇ ನಿಂತಿರುವುದು. ಉರುಳೆಯು ಸೀಳಿದೊಡನೆ ಒತ್ತಡವು ಇಳಿಯುವುದು. ಆ ನೀರಿನಲ್ಲಿ ಒಂದು ಪಾಲು ಕ್ಷಣಮಾತ್ರದಲ್ಲಿ ಉಗಿಯಾಗಿ ಉಬ್ಬುವುದು. ಹಡಗನ್ನು ಒಡೆಯುವುದು ಈ ಉಬ್ಬುವಿಕೆಯೇ. ೧೮೬೫ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯ ಮೇಲೆ ಸುಲ್ತಾನಾ ಎಂಬ ಉಗಿಹಡಗಿನ ಬಾಯ್ಲರುಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಅವರಲ್ಲಿ ಬಹುಮಂದಿ ಸೆರೆಯಿಂದ ಬಿಡುಗಡೆ ಹೊಂದಿ ಮನೆಗೆ ಮರಳುತ್ತಿದ್ದ ಸಿಪಾಯಿಗಳು. ನಮ್ಮ ದೇಶದಲ್ಲಿಯೂ ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಜನರು ಸತ್ತ ಮೇಲೆಯೇ, ಮರುವರುಷ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗಾಗಿ ಕಾಯಿದೆ ಹುಟ್ಟಿತು. ಸುರುಳಿ ಬಾಯ್ಲರಿನಲ್ಲಿ ಕೊಳವೆಯು ಒಂದೆಡೆ ಸೀಳಿದರೂ ಹೊರಬೀಳುವ ನೀರು ಸ್ವಲ್ಪವೇ. ಬಳಿಯಲ್ಲಿದ್ದವನಿಗೆ ಅದು ಸುಡಬಹುದು, ಪ್ರಾಣವನ್ನೂ ತೆಗೆಯಬಹುದು. ಆದರೆ ಹಡಗನ್ನೇ ಚೂರುಮಾಡುವ ಬಲವು ಅಲ್ಲಿ ಕೂಡಿಕೊಂಡಿರುವುದಿಲ್ಲ.

ಈ ವಿಚಾರವು ಉಗಿದೋಣಿಯಷ್ಟೇ ಹಳೆಯದು. ಅಮೆರಿಕದ ಜೇಮ್ಸ್ ರಮ್ಸೆ ಎಂಬವನು ೧೭೮೭ರ ಡಿಸೆಂಬರಿನಲ್ಲಿ ಪೊಟೋಮ್ಯಾಕ್ ನದಿಯ ಮೇಲೆ ಉಗಿಯಿಂದ ದೋಣಿಯನ್ನು ನಡೆಯಿಸಿ ತೋರಿಸಿದಾಗ, ದೊಡ್ಡ ಹಂಡೆಗೆ ಬದಲಾಗಿ ಕೊಳವೆಗಳ ಬಾಯ್ಲರನ್ನೇ ಬಳಸಿದನು. ೧೮೦೪ರಲ್ಲಿ ಜಾನ್ ಸ್ಟೀವನ್ಸನು ನೀರುಗೊಳವೆಗಳ ಬಾಯ್ಲರನ್ನಿಟ್ಟು, ಎರಡು ತಿರುಪುಚಕ್ರಗಳುಳ್ಳ ಲಿಟಲ್ ಜೂಲಿಯಾನಾ ಎಂಬ ಸಣ್ಣ ದೋಣಿಯನ್ನು ಹಡ್ಸನ್ ನದಿಯ ಮೇಲೆ ನಡೆಯಿಸಿದನು. ಆದರೆ ಆಗಿನ ಕಮ್ಮಾರಿಕೆಗೆ ಸೋರದ ಕೊಳವೆಯನ್ನು ಮಾಡುವುದು ಕಷ್ಟ. ಬುದ್ಧಿಗೆ ಹೊಳೆದದ್ದು ಕೈಗೆ ಬರುವುದಕ್ಕೆ ಎಪ್ಪತ್ತು ವರುಷಗಳು ಹಿಡಿದುವು.

೧೮೭೦ರ ದಶಕದಲ್ಲಿ ಅಮೆರಿಕದ ಬ್ರಿಸ್ಟಲ್ ಊರಿನ ಹೆರೆಶಾಫ್ ಸೋದರರು ಸುರುಳಿ ಬಾಯ್ಲರನ್ನು ಬಳಕೆಗೆ ತಂದರು. ಅದನ್ನು ಕಲ್ಪಿಸಿದವನು ಜೇಮ್ಸ್. ದೋಣಿ ಕಟ್ಟುವ ಉದ್ಯಮದ ಹಿರಿತನವನ್ನು ವಹಿಸಿದ್ದ ಜಾನನು ಹುಡುಗತನದಲ್ಲಿಯೇ ಕಣ್ಣು ಕಳೆದುಕೊಂಡವನು. ದೋಣಿಯ ಮಾದರಿಯ ಮೇಲೆ ಬೆರಳಾಡಿಸಿ ಅದರ ಗುಣದೋಷಗಳನ್ನು ಹೇಳುತ್ತಿದ್ದನು. ಇವರು ೧೮೭೬ರಲ್ಲಿ ಅಮೆರಿಕದ ನೌಕಾಪಡೆಗೆ ಕಟ್ಟಿಕೊಟ್ಟ ಲೈಟ್ನಿಂಗ್ ಎಂಬ ವೇಗದ ಟಾರ್ಪೀಡೊ ದೋಣಿಯು ಹೆಸರುವಾಸಿಯಾಯಿತು. ನಮ್ಮ ಸೀಮೆಯಲ್ಲಿ ಡೌಗೆ ಬರವು ಕಾಲಿಟ್ಟದ್ದೂ ಅದೇ ವರುಷ.

ಇವರ ಬಾಯ್ಲರು ಕೆಲಸಮಾಡುವ ಕ್ರಮವನ್ನು ಸ್ವಲ್ಪ ವಿವರಿಸೋಣ. ಕೊಳವೆಯನ್ನು ಬುಡದಲ್ಲಿ ಅಗಲವಾಗಿಯೂ ಮೇಲೆ ಕಿರಿದಾಗಿಯೂ, ಜೋಳದ ಬಣವೆಯ ತಲೆಯಂತೆ, ಸುತ್ತಿರುವರು. ನಡುವೆ ಕೆಳಗಡೆ ಬೆಂಕಿಯ ಜಾಲರಿ. ಪಂಪು ತಣ್ಣೀರನ್ನು ಸುರುಳಿಯ ಮೇಲ್ತುದಿಯೊಳಕ್ಕೆ ತಳ್ಳುವುದು. ಬೆಂಕಿಯ ಬಿಸಿ ಮೇಲಕ್ಕೆ ಏರುತ್ತಿರಲು ನೀರು ಸುತ್ತುಸುತ್ತಾಗಿ ಕೆಳಕ್ಕೆ ಇಳಿಯುವುದು. ಹೊರಹೋಗುವ ಹೊಗೆಯ ಕೊನೆಯ ಬಿಸಿಯನ್ನು ತಣ್ಣೀರು ಕುಡಿಯುವುದು. ಬೆಂಕಿಯ ಬಲವಾದ ಉರಿಯನ್ನು ಕಾದ ನೀರು ತಾಳುವುದು. ತಳಕ್ಕೆ ಬರುವಷ್ಟರಲ್ಲಿ ಅದು ಉಗಿ ನೀರುಗಳ ಬೆರಕೆಯಾಗಿರುವುದು. ಆ ಬೆರಕೆಯು ಹೊರಗಿರುವ ಒಂದು ಪಾತ್ರೆಯನ್ನು ಸೇರಿದಾಗ ನೀರು ಕೆಳಗುಳಿದು ಉಗಿ ಮೇಲೆ ನಿಲ್ಲುವುದು. ಉಗಿಯು ಯಂತ್ರಕ್ಕೆ ಹೋಗುವುದು; ಉಳಿದ ನೀರನ್ನು ಮತ್ತೆ ಸುರುಳಿಗೆ ಕಳುಹಿಸುವರು. ಉರುಳೆಯ ಬಾಯ್ಲರಿನಲ್ಲಿ ಉಗಿ ಏಳಿಸಲು ಗಂಟೆಗಳು ಬೇಕಾದರೆ ಇಲ್ಲಿ ಕೆಲವು ನಿಮಿಷಗಳೇ ಸಾಕು.

ಕಟ್ಟುವ ಕೆಲಸವು ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ನಾಜೂಕು. ಬೆಸುಗೆಯಿಲ್ಲದೆ ಎಳೆದ ಉಕ್ಕಿನ ಕೊಳವೆಯು ಉತ್ತಮ. ತಾಮ್ರವು ಸುಲಭವಾಗಿ ಬಾಗುವುದಾದರೂ ಶಾಖವೇರಿದಂತೆ ಅದರ ಬಲವು ಕುಂದುವುದು. ಬಾಗಿಸುವಾಗ ಕೊಳವೆಯು ಚಪ್ಪಟೆಯಾಗಬಾರದು. ಅದಕ್ಕಾಗಿ ಚೆನ್ನಾಗಿ ಒಣಗಿಸಿದ ಮರಳನ್ನು ಅದರೊಳಗೆ ಗಿಡಿದು ತುದಿಗಳನ್ನು ಮುಚ್ಚಿ ಅಚ್ಚಿನ ಸುತ್ತ ಸುತ್ತುವರು. ಮರಳಿನಲ್ಲಿ ತೇವವುಳಿದರೆ ಕಾಸುವಾಗ ಅದೇ ಉಗಿಯಾಗಿ ಕೊಳವೆಯನ್ನು ಒಡೆಯಬಹುದು. ಕೊಳವೆಗಳನ್ನು ಕೂಡಿಸುವ ಸಂದುಗಳು ಬೆಂಕಿಯ ಮಾರ್ಗದಿಂದ ಹೊರಗಿರುವುದು ಒಳ್ಳೆಯದು. ಸುರುಳಿಯ ಮತ್ತೊಂದು ಗುಣವೆಂದರೆ, ಕಾದು ಹಿಗ್ಗುವಾಗ ಅದು ಸ್ಪ್ರಿಂಗಿನಂತೆ ಸಡಿಲುವುದು. ಆದುದರಿಂದ ಸಂದುಗಳ ಮೇಲೆ ಎಳೆತ ಬೀಳದು. ಎಲ್ಲವನ್ನೂ ಜೋಡಿಸಿದ ಮೇಲೆ, ಉಗಿಯನ್ನು ಕಾಣಿಸುವುದಕ್ಕೆ ಮೊದಲು, ತಣ್ಣೀರನ್ನು ತುಂಬಿ ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡವನ್ನು ಕೊಟ್ಟು ಪರೀಕ್ಷಿಸಬೇಕು. ತಣ್ಣೀರು ಉಬ್ಬುವುದಿಲ್ಲ, ಕೊಳವೆ ಸೋತರೆ ನೀರು ತೊಟ್ಟಿಕ್ಕುವುದು, ಅಷ್ಟೆ. ಸೇಫ್ಟಿ ವಾಲ್ವು, ಒತ್ತಡವನ್ನು ತೋರಿಸುವ ಗೇಜು, ನೀರು ಹಿಂದಿರುಗದಂತೆ ತಡೆಯುವ ಕವಾಟ, ಯಂತ್ರದ ಪಂಪು ಕೆಟ್ಟರೆ ನೆರವಾಗುವ ಕೈಪಂಪು, ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ ಬೆಂಕಿಯನ್ನು ಹಚ್ಚಬಾರದು.

ಇಷ್ಟು ಗುಣವುಳ್ಳ ಬಾಯ್ಲರಿಗೆ ಒಂದು ಕಠಿಣವಾದ ನಿಯಮವುಂಟು. ೫ ಅಶ್ವಶಕ್ತಿಯ ಸಣ್ಣ ಯಂತ್ರವು ಅಶ್ವಶಕ್ತಿಯೊಂದಕ್ಕೆ ಗಂಟೆಗೆ ೩೦ ಪೌಂಡು ಉಗಿಯನ್ನು ತಿನ್ನುವುದೆಂದು ಇಟ್ಟುಕೊಂಡರೆ, ಗಂಟೆಗೆ ೧೫೦ ಪೌಂಡು ನೀರು ಬೇಕು. ಸುರುಳಿಯಲ್ಲಿರುವುದು ೬೮ ಪೌಂಡು. ಪಂಪು ನಿಂತರೆ ಅರ್ಧ ಗಂಟೆಯೊಳಗೆ ಎಲ್ಲವೂ ಬರಿದು. ಅದಕ್ಕೂ ಬಹಳ ಮೊದಲೇ ಬೆಂಕಿಗೆ ಹತ್ತಿರದ ಸುತ್ತುಗಳು ಒಣಗಿ ಕೆಂಪಗೆ ಕಾಯುವುವು. ದೊಡ್ಡ ಹಂಡೆಯು ಅಜಾಗರೂಕನಾದ ಕಾವಲುಗಾರನನ್ನು ಸ್ವಲ್ಪ ಹೊತ್ತು ಸೈರಿಸುವುದು, ಸುರುಳಿಯು ಸೈರಿಸದು. ಅದು ಪ್ರತಿ ನಿಮಿಷವೂ ತನಗೆ ಬೇಕಾದಷ್ಟನ್ನೇ ಕೇಳುವುದು, ಆ ನಿಮಿಷದಲ್ಲಿಯೇ ಕೇಳುವುದು.

ನೀರಿನ ಗುಣವೂ ಮುಖ್ಯ. ನಮ್ಮ ಸೀಮೆಯ ಸವಳು ಬಾವಿಯ ನೀರನ್ನು ಕಾಯಿಸಿದ ಹಂಡೆಯೊಳಗೆ ಬಿಳಿಯ ಹೊರೆ ಕಟ್ಟುವುದನ್ನು ಎಲ್ಲರೂ ಕಂಡಿರುವರು. ಹಂಡೆಯನ್ನು ಕೆರೆದು ತೊಳೆಯಬಹುದು; ೨೦೦ ಅಡಿಗಳ ಸುರುಳಿಯೊಳಗೆ ಕೈ ಹೋಗುವುದೆಂತು? ಹೊರೆ ಕಟ್ಟಿದ ಕೊಳವೆಯಲ್ಲಿ ತಾಪವು ನೀರಿಗೆ ದಾಟದೆ ಉಕ್ಕೇ ಸುಡುವುದು. ಮುಂಗಾರಿನ ತುಂಗಭದ್ರೆಯ ಕೆಸರುನೀರನ್ನು ಹಾಗೆಯೇ ಊಡಿದರೂ ಫಲವು ಇದೇ. ಆದುದರಿಂದ ಯಂತ್ರವನ್ನು ದಾಟಿ ಬಂದ ಉಗಿಯನ್ನು ಕಂಡೆನ್ಸರಿನಲ್ಲಿ ತಣಿಸಿ ಮತ್ತೆ ನೀರಾಗಿಸಿ ಅದನ್ನೇ ತಿರುತಿರುಗಿ ಬಳಸುವರು. ಆಗ ಯಂತ್ರದ ಎಣ್ಣೆಯು ಆ ನೀರಿನೊಡನೆ ಬಾರದಂತೆ ಸೋಸಬೇಕು. ಎಣ್ಣೆಯ ತೆಳುವಾದ ಪೊರೆಯೂ ಹೊರೆಯಷ್ಟೇ ಕೇಡುಮಾಡುವುದು.

ಇಷ್ಟನ್ನು ತಿಳಿದ ಮೇಲೆ ನಾವು ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ಕಾಟನ್ನನ ವಾದವು ನಡೆಯುತ್ತಿದ್ದ ಕಾಲದಲ್ಲಿ ಹಗುರವಾದ ಬಾಯ್ಲರು ಇನ್ನೂ ಎಳೆಯ ಕೂಸು. ಆದರೆ ಸೋಲನ್ನೆಲ್ಲ ಬಾಯ್ಲರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಾಯ್ಲರನ್ನು ಎಷ್ಟು ಹಗುರಮಾಡಿದರೂ ವೈಶಾಖದ ತುಂಗಭದ್ರೆಯಲ್ಲಿ ಇಲ್ಲದ ನೀರನ್ನು ಅದು ತರಲಾರದು. ಹಂಪೆಯ ಬಂಡೆಗಳನ್ನು ಕರಗಿಸಲಾರದು. ಗೋದಾವರಿಯ ಮೇಲುಭಾಗದಲ್ಲಿ ದೋಣಿಸಂಚಾರಕ್ಕಾಗಿ ನಡೆದ ದುಬಾರಿಯಾದ ಕೆಲಸವು ಬಂಡೆಸಾಲುಗಳ ದೆಸೆಯಿಂದಲೇ ಸೊರಗಿ ೧೮೭೦ರ ಸುಮಾರಿನಲ್ಲಿ ನಿಂತುಹೋಯಿತು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ನದಿಯು ಬತ್ತುವುದೂ ಬರ ಬರುವುದೂ ಒಂದೇ ಕಾಲದಲ್ಲಿ. ಧಾನ್ಯವು ಅತ್ಯಂತ ಅವಶ್ಯವಾದ ವರುಷದಲ್ಲಿಯೇ, ದೊಡ್ಡ ಜಲಾಶಯಗಳ ಬೆಂಬಲವಿಲ್ಲದ ದೋಣಿಯು ಮರಳಿನ ಮೇಲೆ ಕುಳಿತಿರುತ್ತಿದ್ದಿತು.

ಬಂದದ್ದು ರೈಲು. ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿಯು ಸ್ಥಾಪಿತವಾಗಿ, ೧೮೮೪ರಲ್ಲಿ ಹೋಟಗಿಯಿಂದ ಗದಗಿನವರೆಗಿನ ಮಾರ್ಗವು ತೆರೆಯಿತು. ಬರಗಾಲದ ನಿವಾರಣೆಗೆಂದೇ ಹಾಕಿಸಿದ ಮಾರ್ಗಗಳಲ್ಲಿ ಅದು ಒಂದು. ನಾಗಾವಿಯ ಬಳಿಯ ಜನರಿಗೆ ಉಗಿಯ ಕೂಗು ಕೇಳಿಸಿದ್ದು ದೋಣಿಯಿಂದಲ್ಲ, ಕಂಬಿಯ ಮೇಲಿನ ಬೆಂಕಿಗೊಳವೆಯ ಬಾಯ್ಲರಿನಿಂದ. ನೆಲದ ಮೇಲೆ ಕಂಬಿ ಹೊರುವುದರಿಂದ ಅಲ್ಲಿ ಭಾರವು ಅಷ್ಟು ದೊಡ್ಡ ದೋಷವಾಗಲಿಲ್ಲ. ಆ ಮಾರ್ಗದ ಬಂಡಿಗಳು ಹತ್ತಿಯನ್ನು ಹೊರಕ್ಕೆ ಒಯ್ದುವು, ಕಾಳನ್ನು ಒಳಕ್ಕೆ ತಂದುವು.

ನೀರುಗೊಳವೆಯ ವಿದ್ಯೆಯು ಮಾತ್ರ ವ್ಯರ್ಥವಾಗಲಿಲ್ಲ. ದೊಡ್ಡ ಹಡಗುಗಳಿಗೆ ಒಂದೇ ಉದ್ದ ಕೊಳವೆಯು ಸಾಲದಿರಲು, ಥಾರ್ನಿಕ್ರಾಫ್ಟ್, ಯಾರೋ ಮೊದಲಾದವರು ಅನೇಕ ಸಣ್ಣ ಕೊಳವೆಗಳನ್ನು ಉರುಳೆಗಳ ನಡುವೆ ಜೋಡಿಸುವ ಪದ್ಧತಿಯನ್ನು ಬೆಳೆಯಿಸಿದರು. ಫ್ರಾನ್ಸಿನ ಸರ್ಪೊಲೆ ಎಂಬವನು ಕೊಳವೆಯೊಳಗೆ ನೀರನ್ನು ಬಿದ್ದೊಡನೆ ಉಗಿಯಾಗಿಸುವ ಬಾಯ್ಲರನ್ನು ಮಾಡಿ, ೧೯೦೨ರಲ್ಲಿ ತನ್ನ ಉಗಿಮೋಟಾರನ್ನು ಗಂಟೆಗೆ ೭೫ ಮೈಲಿಗಳ ವೇಗದಲ್ಲಿ ಓಡಿಸಿದನು. ಕೃಷ್ಣಾ ತೀರದ ರಾಯಚೂರು ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲಿನ ಉರಿಯು ಇಂದಿಗೂ ಕಾಯಿಸುವುದು ಕೊಳವೆಯೊಳಗಿನ ನೀರನ್ನೇ. ಬಾಯ್ಲರುಗಳ ಮೇಲಿನ ಸರಕಾರದ ಕಣ್ಣೂ ಮುಚ್ಚಿಲ್ಲ. ೧೯೨೩ರ ಬಾಯ್ಲರು ಕಾಯಿದೆಯು ಒಂದು ಶತಮಾನದಷ್ಟು ಕಾಲ ನಡೆದು, ಅದರ ಸ್ಥಾನಕ್ಕೆ ೨೦೨೫ರಲ್ಲಿ ಹೊಸ ಕಾಯಿದೆಯು ಬಂದಿದೆ.

ಇನ್ನು ತುಂಗಭದ್ರೆಯ ಮಾತು. ಹಡಗು ನದಿಯನ್ನೇರಿ ಬರಲಿಲ್ಲ. ನದಿಯೇ ಕೊಳವೆಯನ್ನೇರಿ ಗದಗಿಗೆ ಬಂದಿತು. ಇಂದು ಗದಗು ಬೆಟಗೇರಿಗಳ ಜನರು ಕುಡಿಯುವುದು ಗುಡ್ಡದಾಚೆಯಿಂದ ಪಂಪು ಕೊಳವೆಗಳು ಎತ್ತಿತರುವ ತುಂಗಭದ್ರೆಯ ನೀರನ್ನು. ಅಲ್ಲಿಯೂ ಪಂಪು ನಿಂತ ದಿನ ಕೊಡ ಬರಿದು. ಕಡಿಮೆ ನೀರಿನಿಂದ ಬಾಳುವ ಯಂತ್ರಕ್ಕೆ ಹೆಚ್ಚಿನ ಎಚ್ಚರವು ಬೇಕೆಂಬುದು ಸುರುಳಿ ಬಾಯ್ಲರಿನ ಧರ್ಮ. ಕಡಿಮೆ ಮಳೆಯಲ್ಲಿ ಹತ್ತಿ ಜೋಳಗಳನ್ನು ಬೆಳೆದು, ಒಂದೊಂದು ಹದವನ್ನೂ ಕಾದು ಬಿತ್ತುವ ಬೆಳವಲದ ಒಕ್ಕಲಿಗನಿಗೆ ಈ ಧರ್ಮವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.